‘ರಾತ್ರೋರಾತ್ರಿ ಪಹಣಿ ಬದಲಾಗುತ್ತದೆ, ಗುರುತೇ ಸಿಗುವುದಿಲ್ಲ’ ಎಂಬ ಫಾರ್ವರ್ಡ್ ಎಷ್ಟು ನಿಜ?

“ಎಚ್ಚರ! ನಿಮ್ಮ ಹೊಲದ ಪಹಣಿಯನ್ನು ಯಾರು ಬೇಕಾದರೂ ಕಂಪ್ಯೂಟರ್‌ನಲ್ಲಿ ರಾತ್ರೋರಾತ್ರಿ ಬದಲಾಯಿಸಬಹುದು. ಗುರುತೇ ಸಿಗುವುದಿಲ್ಲ. ಕೂಡಲೇ ಕೆಳಗಿನ ಆ್ಯಪ್ ಹಾಕಿಕೊಂಡು ಚೆಕ್ ಮಾಡಿ. ಹತ್ತು ಗ್ರೂಪಿಗೆ ಕಳಿಸಿ.”

ಈ ಧಾಟಿಯ ಮೆಸೇಜ್ ನಿಮ್ಮೂರಿನ ಗ್ರೂಪಿಗೂ ಬಂದಿರಬಹುದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಮನೆಯೆಂದರೆ ಹೊಲ, ಹೊಲವೆಂದರೆ ಪಹಣಿ. ಹಾಗಾಗಿ ಇದನ್ನು ಓದಿದವರು ಹೆದರುವುದು ಸಹಜ, ಹೆದರಿದವರು ಮುಂದಕ್ಕೆ ಕಳಿಸುವುದೂ ಸಹಜ.

ಈ ಮೆಸೇಜಿನಲ್ಲಿ ಮೂರು ಮಾತುಗಳಿವೆ. ಯಾರು ಬೇಕಾದರೂ ಬದಲಾಯಿಸಬಹುದು ಎಂಬುದು ಸುಳ್ಳು. ಗುರುತೇ ಸಿಗುವುದಿಲ್ಲ ಎಂಬುದು ಬಹುಮಟ್ಟಿಗೆ ಸುಳ್ಳು. ಈ ಆ್ಯಪ್ ಹಾಕಿಕೊಳ್ಳಿ ಎಂಬ ಮೂರನೆಯದರಲ್ಲಿಯೇ ನಿಜವಾದ ಅಪಾಯ ಇರುವುದು. ಹಾಗೆಂದು ‘ಕಂಪ್ಯೂಟರ್ ಇದೆ, ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ’ ಎಂದು ಕೈಕಟ್ಟಿ ಕೂರುವಂತೆಯೂ ಇಲ್ಲ. ಕಂಪ್ಯೂಟರ್ ಯಾವುದನ್ನು ಕಾಯುತ್ತದೆ, ಯಾವುದನ್ನು ಕಾಯುವುದಿಲ್ಲ ಎಂಬುದನ್ನು ತಿಳಿದರೆ ಎಲ್ಲಿ ಹೆದರಬೇಕು, ಎಲ್ಲಿ ಬೇಡ ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಆಟೋ ಸ್ಟಾರ್ಟರ್ ಗೊತ್ತಿದ್ದರೆ ಅರ್ಧ ವಿಷಯ ಗೊತ್ತಿದ್ದಂತೆ

ಬೋರ್‌ವೆಲ್ ಇರುವ ಹೊಲದಲ್ಲಿ ಆಟೋ ಸ್ಟಾರ್ಟರ್ ನೋಡಿರುತ್ತೀರಿ. ರಾತ್ರಿ ಎರಡಕ್ಕೆ ಕರೆಂಟ್ ಬರುತ್ತದೆ. ಸ್ಟಾರ್ಟರ್ ಮೊದಲು ಮೂರೂ ಫೇಸ್ ಇವೆಯೇ ಎಂದು ನೋಡುತ್ತದೆ. ಇದ್ದರೆ ಮೋಟಾರ್ ಚಾಲೂ ಮಾಡುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ. ಮನೆಯಲ್ಲಿ ಮಲಗಿದ ನೀವು ಏಳುವುದೇ ಬೇಡ.

ಇದರಲ್ಲಿರುವುದು ಮೂರು ಹೆಜ್ಜೆ: ಒಂದು ಘಟನೆ, ಒಂದು ಷರತ್ತು, ಒಂದು ಕೆಲಸ. ಕರೆಂಟ್ ಬಂದದ್ದು ಘಟನೆ, ಮೂರು ಫೇಸ್ ಇರಬೇಕೆಂಬುದು ಷರತ್ತು, ಮೋಟಾರ್ ಓಡಿಸುವುದು ಕೆಲಸ. ಮಾಹಿತಿ ಕೂಡಿಡುವ ಕಂಪ್ಯೂಟರ್ ವ್ಯವಸ್ಥೆಗೆ, ಅಂದರೆ ಡೇಟಾಬೇಸ್‌ಗೆ, ಇದೇ ಮೂರು ಹೆಜ್ಜೆಯ ನಿಯಮ ಕಲಿಸಿದರೆ ಅದನ್ನು ಆ್ಯಕ್ಟಿವ್ ಡೇಟಾಬೇಸ್ ಎನ್ನುತ್ತಾರೆ. ನಾವು ‘ಎಚ್ಚರ ಇರುವ ಡೇಟಾಬೇಸ್’ ಎನ್ನೋಣ.

ಮಾಮೂಲಿ ಡೇಟಾಬೇಸ್ ಕಿರಾಣಿ ಅಂಗಡಿಯ ಉದ್ರಿ ಪುಸ್ತಕವಿದ್ದಂತೆ. ಬರೆದರೆ ಬರೆಸಿಕೊಳ್ಳುತ್ತದೆ, ಹೊಡೆದು ಹಾಕಿದರೆ ಹೊಡೆಸಿಕೊಳ್ಳುತ್ತದೆ, ಬಾಯಿ ಬಿಡುವುದಿಲ್ಲ. ಎಚ್ಚರ ಇರುವ ಡೇಟಾಬೇಸ್ ಹಾಗಲ್ಲ. ಒಂದು ಸಾಲು ಬದಲಾದ ಕ್ಷಣವೇ ಅದರೊಳಗಿನ ನಿಯಮ ಎದ್ದು ನಿಲ್ಲುತ್ತದೆ: ಯಾರು ಬದಲಾಯಿಸಿದರು, ಎಷ್ಟು ಗಂಟೆಗೆ, ಮೊದಲು ಏನಿತ್ತು, ಈಗ ಏನಾಯಿತು ಎಂಬುದನ್ನು ಬೇರೆ ಕಡೆ ಬರೆದಿಡುತ್ತದೆ. ಬೇಕಾದರೆ ಬದಲಾವಣೆಯನ್ನೇ ತಡೆಯುತ್ತದೆ. ಇಂಥ ನಿಯಮಕ್ಕೆ ‘ಟ್ರಿಗರ್’ ಎಂದು ಹೆಸರು. ಬ್ಯಾಂಕಿನಲ್ಲಿ ಹಣ ತೆಗೆದ ಕೂಡಲೇ ನಿಮ್ಮ ಮೊಬೈಲ್‌ಗೆ ಬರುವ ಮೆಸೇಜಿನ ಹಿಂದಿರುವುದೂ ಇದೇ ವಿಚಾರ.

ಇದು ಹೊಸದೇನಲ್ಲ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಹೈಪ್ಯಾಕ್ ಎಂಬ ಸಂಶೋಧನಾ ಯೋಜನೆ ಈ ಘಟನೆ-ಷರತ್ತು-ಕೆಲಸದ ಸೂತ್ರವನ್ನು ರೂಪಿಸಿತು. ಅದರಲ್ಲಿ ದುಡಿದವರಲ್ಲಿ ಒಬ್ಬರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ್ದ ಶರ್ಮಾ ಚಕ್ರವರ್ತಿ. ಅದೇ ಕಾಲದಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲೂ ಇಂಥ ನಿಯಮಗಳು ಬಂದವು. 1999ರಲ್ಲಿ ಡೇಟಾಬೇಸ್ ಭಾಷೆಯಾದ ಎಸ್‌ಕ್ಯುಎಲ್‌ನ ಅಂತರರಾಷ್ಟ್ರೀಯ ಮಾನದಂಡಕ್ಕೆ ಟ್ರಿಗರ್ ಸೇರಿತು. ಪೋಸ್ಟ್‌ಗ್ರೆಸ್ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದು ಮತ್ತೆ ಬರುತ್ತದೆ.

ಗಂಗಾವತಿಯಲ್ಲಿ ಒಂದು ಗದ್ದೆ ಮಾರಾಟವಾದರೆ

ಭೂಮಿ ಯೋಜನೆ ಬರುವ ಮುನ್ನ ಪಹಣಿ ಕೈಬರಹದಲ್ಲಿ, ಗ್ರಾಮ ಲೆಕ್ಕಾಧಿಕಾರಿಯ ಪುಸ್ತಕದಲ್ಲಿ ಇರುತ್ತಿತ್ತು. ಒಂದು ಹೆಸರು ತಿದ್ದಿದರೆ ಗೊತ್ತಾಗುವುದು ಆ ಪುಸ್ತಕ ತೆರೆದವರಿಗೆ ಮಾತ್ರ. ‘ರಾತ್ರೋರಾತ್ರಿ ಬದಲಾಗುತ್ತದೆ’ ಎಂಬ ಭಯಕ್ಕೆ ಆಗ ಹೆಚ್ಚು ಆಧಾರವಿತ್ತು ಎಂದೇ ನಮ್ಮ ಅಭಿಪ್ರಾಯ. 2000ದ ದಶಕದ ಆರಂಭದಲ್ಲಿ ರಾಜ್ಯದ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳು ಕಂಪ್ಯೂಟರ್ ಸೇರಿದವು. ಪಹಣಿಯ ಪ್ರತಿ 15 ರೂಪಾಯಿಗೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಸಿಗತೊಡಗಿತು. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿದ್ದ ಕೊಪ್ಪಳ ಜಿಲ್ಲೆಗೆ ಆಗ ಇದ್ದದ್ದು ನಾಲ್ಕೇ ತಾಲ್ಲೂಕು. ಕಾರಟಗಿ, ಕನಕಗಿರಿ, ಕುಕನೂರು ಸೇರಿದ್ದು ಬಹಳ ತಡವಾಗಿ.

ಪುಸ್ತಕ ಹೋಗಿ ಕಂಪ್ಯೂಟರ್ ಬಂತು ಎಂಬುದಷ್ಟೇ ಇಲ್ಲಿ ದೊಡ್ಡದಲ್ಲ. ಬದಲಾವಣೆಗೆ ಒಂದು ದಾರಿ ಹಾಕಿದ್ದು ದೊಡ್ಡದು. ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು, ಮಧ್ಯದಿಂದ ಒಂದನ್ನು ಎಳೆದುಕೊಳ್ಳುವಂತಿಲ್ಲ.

ಈಗ ಗಂಗಾವತಿ ಕಡೆಯ ಒಂದು ಭತ್ತದ ಗದ್ದೆ ಮಾರಾಟವಾಯಿತು ಎಂದುಕೊಳ್ಳಿ. ಉಪನೋಂದಣಿ ಕಚೇರಿಯ ಕಾವೇರಿ ತಂತ್ರಾಂಶದಲ್ಲಿ ಕ್ರಯಪತ್ರ ನೋಂದಣಿಯಾಗುತ್ತದೆ. ಇದು ಘಟನೆ. ಕೂಡಲೇ ‘ಜೆ-ಸ್ಲಿಪ್’ ಎಂಬ ಮಾಹಿತಿ ಕಾವೇರಿಯಿಂದ ಭೂಮಿಗೆ ಹೋಗುತ್ತದೆ. ಮ್ಯುಟೇಷನ್ ಪ್ರಕರಣ ತೆರೆದುಕೊಳ್ಳುತ್ತದೆ, ನೋಟಿಸ್ ಹೊರಡುತ್ತದೆ. ತಕರಾರು ಬಂತೇ ಎಂಬುದು ಷರತ್ತು. ಗಡುವಿನೊಳಗೆ ಬರದಿದ್ದರೆ ಅನುಮೋದನೆಯಾಗಿ ಪಹಣಿಯ 9ನೇ ಕಾಲಂನಲ್ಲಿ ಹೊಸ ಹೆಸರು ಕೂರುತ್ತದೆ, 10ನೇ ಕಾಲಂನಲ್ಲಿ ಯಾವ ಮ್ಯುಟೇಷನ್‌ನಿಂದ ಬಂತು ಎಂಬ ಎಂ.ಆರ್. ನಂಬರ್ ಬರುತ್ತದೆ. ತಕರಾರು ಬಂದರೆ ಅದೇ ಪ್ರಕರಣ ವಿಚಾರಣೆಯ ದಾರಿ ಹಿಡಿಯುತ್ತದೆ. ಬೆಳೆಸಾಲ ಮಾಡಿದಾಗಲೂ ಹೀಗೇ. ಬ್ಯಾಂಕು ಕಳಿಸಿದ ಮಾಹಿತಿ 11ನೇ ಕಾಲಂನಲ್ಲಿ ಋಣವಾಗಿ ಕಾಣಿಸಿಕೊಳ್ಳುತ್ತದೆ.

ಈ 10ನೇ ಕಾಲಂ ಕಡೆಗೆ ಯಾರೂ ಹೆಚ್ಚು ಕಣ್ಣು ಹಾಯಿಸುವುದಿಲ್ಲ. ನಮ್ಮ ಮಟ್ಟಿಗೆ ಇಡೀ ಪಹಣಿಯಲ್ಲಿ ಅದೇ ಹೆಚ್ಚು ಬೆಲೆಬಾಳುವ ಮನೆ. ಹೆಸರು ಹೇಗೆ ಬಂತು ಎಂಬುದರ ಗುರುತು ಅಲ್ಲಿದೆ. ‘ಗುರುತೇ ಸಿಗುವುದಿಲ್ಲ’ ಎಂದ ಫಾರ್ವರ್ಡ್‌ಗೆ ಉತ್ತರ ಆ ನಂಬರ್.

ಹಾಗಾದರೆ ತಪ್ಪು ಆಗುವುದು ಎಲ್ಲಿ?

ಆಟೋ ಸ್ಟಾರ್ಟರ್‌ಗೇ ವಾಪಸ್ ಬರೋಣ. ಕರೆಂಟ್ ಬಂದರೆ ಅದಕ್ಕೆ ಗೊತ್ತಾಗುತ್ತದೆ. ಆದರೆ ಬದುವಿನಲ್ಲಿ ಪೈಪ್ ಒಡೆದು ನೀರು ಪಕ್ಕದವರ ಹೊಲಕ್ಕೆ ಹೋಗುತ್ತಿದ್ದರೆ ಗೊತ್ತಾಗುವುದಿಲ್ಲ. ಅದನ್ನು ನೋಡು ಎಂದು ಯಾರೂ ಹೇಳಿಲ್ಲವಲ್ಲ. ಎಚ್ಚರ ಇರುವ ಡೇಟಾಬೇಸ್‌ನ ದೊಡ್ಡ ಮಿತಿಯೂ ಇದೇ: ನಿಯಮ ಬರೆದಿರುವ ಘಟನೆಯನ್ನು ಮಾತ್ರ ಅದು ಕಾಯುತ್ತದೆ.

ಯಲಬುರ್ಗಾದ ಹಳ್ಳಿಯೊಂದರಲ್ಲಿ ತಂದೆ ತೀರಿಕೊಂಡರು, ಮಕ್ಕಳು ಪೌತಿ ಖಾತೆಗೆ ಅರ್ಜಿ ಹಾಕಲಿಲ್ಲ ಎನ್ನಿ. ಪಹಣಿಯ ಮಟ್ಟಿಗೆ ಏನೂ ನಡೆದೇ ಇಲ್ಲ. ಇಪ್ಪತ್ತು ವರ್ಷ ಕಳೆದರೂ ಪಹಣಿಯಲ್ಲಿ ಅಜ್ಜನ ಹೆಸರೇ ಇರುತ್ತದೆ. ಅಣ್ಣತಮ್ಮಂದಿರು ಹಿರಿಯರ ಮುಂದೆ ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡರೂ ಹಾಗೆಯೇ. ಬೆಳೆಸಾಲ, ಬೆಳೆ ವಿಮೆ, ಪರಿಹಾರದ ಹಣ ಕೇಳಲು ಹೋದಾಗ ಮಾತ್ರ ವಿಷಯ ಎದ್ದು ಕೂರುತ್ತದೆ. ರಾತ್ರೋರಾತ್ರಿ ಬದಲಾಗುವ ಪಹಣಿಗೆ ಹೆದರುವ ಮನೆಗಳು ವರ್ಷಗಟ್ಟಲೆ ಬದಲಾಗದ ಪಹಣಿಯನ್ನು ಮರೆತಿರುತ್ತವೆ.

ಎರಡನೆಯದು, ಒಳಗೆ ಹೋಗುವ ಹಕ್ಕಿರುವವರೇ ತಪ್ಪು ಮಾಡಿದರೆ? ಆಗ ಕಂಪ್ಯೂಟರ್ ತಡೆಯದೇ ಇರಬಹುದು, ಆದರೆ ಯಾರ ಲಾಗಿನ್‌ನಿಂದ, ಎಷ್ಟು ಗಂಟೆಗೆ ಎಂಬುದನ್ನು ಬರೆದಿಟ್ಟುಕೊಳ್ಳಬಲ್ಲದು. ಡೇಟಾಬೇಸ್‌ನ ಪೂರ್ಣ ಅಧಿಕಾರ ಇರುವವರು ಟ್ರಿಗರ್ ಅನ್ನೇ ಆಫ್ ಮಾಡಬಲ್ಲರು, ಕಳ್ಳ ಮೊದಲು ನಾಯಿಗೆ ರೊಟ್ಟಿ ಹಾಕಿದಂತೆ. ಅದಕ್ಕಾಗಿಯೇ ಚೆನ್ನಾಗಿ ಕಟ್ಟಿದ ವ್ಯವಸ್ಥೆಯಲ್ಲಿ ಬದಲಾವಣೆಯ ದಾಖಲೆಯನ್ನು ಬೇರೆ ಯಂತ್ರದಲ್ಲಿ, ಬೇರೆಯವರ ಕೈಯಲ್ಲಿ ಇಡುತ್ತಾರೆ. ಟ್ರಿಗರ್ ಆಫ್ ಆದದ್ದನ್ನೂ ಒಂದು ಘಟನೆಯೆಂದೇ ಬರೆದಿಡುತ್ತಾರೆ.

ಮೂರನೆಯದು ಇಂಜಿನಿಯರ್‌ಗಳ ತಲೆನೋವು. ಕರೆಂಟ್ ಬಂದ ಕ್ಷಣ ಊರಿನ ಎಲ್ಲ ಆಟೋ ಸ್ಟಾರ್ಟರ್‌ಗಳು ಒಟ್ಟಿಗೆ ಎದ್ದರೆ ಟಿಸಿ ಮೇಲೆ ಬೀಳುವ ಹೊರೆ ನಿಮಗೆ ಗೊತ್ತು. ಒಂದು ಟ್ರಿಗರ್ ಇನ್ನೊಂದನ್ನು ಎಬ್ಬಿಸಿ, ಅದು ಮತ್ತೊಂದನ್ನು ಎಬ್ಬಿಸಿದರೆ ಡೇಟಾಬೇಸ್‌ಗೂ ಅದೇ ಗತಿ. ಆದ್ದರಿಂದ ಎಲ್ಲದಕ್ಕೂ ನಿಯಮ ಬರೆಯುವಂತಿಲ್ಲ, ಯಾವುದಕ್ಕೆ ಬರೆಯಬೇಕು ಎಂದು ಮನುಷ್ಯರೇ ಆರಿಸಬೇಕು.

ಇನ್ನೊಂದು ಗೊಂದಲ ಇಲ್ಲೇ ಬಗೆಹರಿಸೋಣ. 2025ರ ಜನವರಿಯಲ್ಲಿ ಕಾವೇರಿ 2.0 ತಾಣ ಕೆಲವು ದಿನ ಸರಿಯಾಗಿ ತೆರೆಯಲಿಲ್ಲ, ನೋಂದಣಿಗೆ ಬಂದವರು ಕಾದು ವಾಪಸಾದರು. ಅದು ಡಿಡಿಒಎಸ್ ಎಂಬ ದಾಳಿ, ಅಂದರೆ ಸುಳ್ಳು ಗಿರಾಕಿಗಳನ್ನು ನುಗ್ಗಿಸಿ ಬಾಗಿಲಲ್ಲಿ ನೂಕುನುಗ್ಗಲು ಎಬ್ಬಿಸುವುದು. ಬಾಗಿಲಲ್ಲಿ ಜನ ಕಿಕ್ಕಿರಿದರೆ ಒಳಗಿನ ಪುಸ್ತಕದ ಅಕ್ಷರ ಬದಲಾಗುವುದಿಲ್ಲ.

ಪ್ರೋಗ್ರಾಂನ್ನೇ ಬದಲಾಯಿಸಿದರೆ?

ಇದು ನಾವು ನಿಜವಾಗಿಯೂ ಹೇಳಬೇಕೆಂದಿದ್ದ ಭಾಗ, ಏಕೆಂದರೆ ಫಾರ್ವರ್ಡ್ ಮಾಡುವವರು ಕೇಳದ ಆದರೆ ಕೇಳಬೇಕಾದ ಪ್ರಶ್ನೆ ಇದು. ದಾಖಲೆಯನ್ನು ಟ್ರಿಗರ್ ಕಾಯುತ್ತದೆ, ಸರಿ. ಆ ದಾಖಲೆಯನ್ನು ತೋರಿಸುವ, ತಿದ್ದುವ ಸಾಫ್ಟ್‌ವೇರ್ ಅನ್ನೇ ಯಾರಾದರೂ ತಿದ್ದಿದರೆ ಕಾಯುವವರು ಯಾರು?

ಸಾಫ್ಟ್‌ವೇರ್ ಒಂದೇ ಅಚ್ಚಿನಲ್ಲಿ ಎರಕ ಹೊಯ್ದದ್ದಲ್ಲ. ಟ್ರ್ಯಾಕ್ಟರ್ ನೋಡಿ. ಮೇಲಿನ ಹೆಸರು ಒಂದು ಕಂಪನಿಯದು, ಟೈರು ಬೇರೆಯವರದು, ಬ್ಯಾಟರಿ ಇನ್ನೊಬ್ಬರದು. ನಿಮ್ಮ ಫೋನಿನ ಒಂದು ಸಾಮಾನ್ಯ ಆ್ಯಪ್ ಒಳಗೂ ಹೀಗೆ ಹತ್ತಾರು, ಕೆಲವೊಮ್ಮೆ ನೂರಾರು ಬಿಡಿಭಾಗಗಳಿರುತ್ತವೆ. ಹೆಚ್ಚಿನವು ಎಲ್ಲೋ ಯಾರೋ ಬರೆದು ಎಲ್ಲರಿಗೂ ಬಿಟ್ಟುಕೊಟ್ಟವು. ಅವು ಆಗಾಗ ಬದಲಾಗುತ್ತಲೇ ಇರುತ್ತವೆ.

ಇವುಗಳ ಮೇಲೆ ಕಣ್ಣಿಡಲು ಇಂಜಿನಿಯರ್‌ಗಳು ಬಳಸುವುದೂ ಅದೇ ಎಚ್ಚರ ಇರುವ ಡೇಟಾಬೇಸ್ ಉಪಾಯ. ಪ್ರತಿ ಬಿಡಿಭಾಗಕ್ಕೂ ಒಂದು ಪಹಣಿ ಮಾಡುತ್ತಾರೆ ಎನ್ನಿ: ಹೆಸರು, ಎಷ್ಟನೇ ಆವೃತ್ತಿ, ಯಾರು ಮಾಡಿದ್ದು, ಯಾವ ಯಾವ ಪ್ರೋಗ್ರಾಂ ಇದನ್ನು ನೆಚ್ಚಿಕೊಂಡಿದೆ. ಜೊತೆಗೆ ಒಂದು ಬೆರಳಚ್ಚು. ಕಂಪ್ಯೂಟರ್ ಭಾಷೆಯಲ್ಲಿ ಅದು ‘ಹ್ಯಾಶ್’. ಕಡತದಲ್ಲಿರುವುದನ್ನೆಲ್ಲ ಲೆಕ್ಕ ಹಾಕಿ ತೆಗೆದ ಒಂದು ಉದ್ದನೆಯ ಸಂಖ್ಯೆ. ಲಕ್ಷ ಸಾಲಿನ ಕಡತದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಇಡೀ ಸಂಖ್ಯೆ ಗುರುತೇ ಸಿಗದಷ್ಟು ಬೇರೆಯಾಗುತ್ತದೆ.

ಈಗ ನಿಯಮ ಬರೆಯುವುದು ಸುಲಭ. ಬಿಡಿಭಾಗದ ಬೆರಳಚ್ಚು ಬದಲಾಯಿತು: ಇದು ಘಟನೆ. ಆವೃತ್ತಿ ಸಂಖ್ಯೆಯೂ ಬದಲಾಗಿದೆಯೇ, ಬದಲಾವಣೆಗೆ ಯಾರಾದರೂ ಒಪ್ಪಿಗೆ ಕೊಟ್ಟಿದ್ದಾರೆಯೇ: ಇದು ಷರತ್ತು. ಆವೃತ್ತಿ ಹಳೆಯದೇ ಇದ್ದು ಬೆರಳಚ್ಚು ಮಾತ್ರ ಹೊಸದಾಗಿದ್ದರೆ ಯಾರೋ ಸದ್ದಿಲ್ಲದೆ ಕೈಯಾಡಿಸಿದ್ದಾರೆ ಎಂದೇ ಅನುಮಾನ. ಕೂಡಲೇ ತಡೆ, ಹೊಣೆ ಇರುವವರಿಗೆ ಸುದ್ದಿ. ಒಪ್ಪಿಗೆ ಇರುವ ಬದಲಾವಣೆಯಾದರೆ ಕೆಲಸ ಬೇರೆ: ಈ ಭಾಗವನ್ನು ನೆಚ್ಚಿಕೊಂಡ ಪ್ರೋಗ್ರಾಂಗಳೆಲ್ಲವನ್ನೂ ಪಟ್ಟಿ ಮಾಡಿ ಮತ್ತೊಮ್ಮೆ ಪರೀಕ್ಷೆಗೆ ಹಚ್ಚುವುದು. ಒಂದು ಸರ್ವೆ ನಂಬರ್ ಪೋಡಿಯಾದರೆ ಸುತ್ತಲಿನವರ ಚಕ್ಕುಬಂದಿಯನ್ನೂ ನೋಡಬೇಕಾಗುತ್ತದಲ್ಲ, ಹಾಗೆ.

ಈ ಪಟ್ಟಿ ಇಲ್ಲದಿದ್ದರೆ ಏನಾಗುತ್ತದೆ ಎಂದು 2021ರ ಡಿಸೆಂಬರ್‌ನಲ್ಲಿ ಜಗತ್ತು ನೋಡಿತು. ಲಾಗ್‌ಫೋರ್‌ಜೆ ಎಂಬ ಪುಟ್ಟ ಬಿಡಿಭಾಗದಲ್ಲಿ ದೊಡ್ಡ ತೂತು ಪತ್ತೆಯಾಯಿತು. ತೂತು ಮುಚ್ಚುವ ತೇಪೆ ಬೇಗನೆ ಬಂತು. ಕಷ್ಟವಾದದ್ದು ‘ನಮ್ಮಲ್ಲಿ ಅದು ಎಲ್ಲೆಲ್ಲಿ ಇದೆ?’ ಎಂದು ಹುಡುಕುವುದು. ನಮ್ಮ ದೇಶದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2024ರ ಅಕ್ಟೋಬರ್‌ನಲ್ಲಿ ಸಾಫ್ಟ್‌ವೇರ್ ಬಿಡಿಭಾಗಗಳ ಪಟ್ಟಿಯನ್ನು ಹೇಗೆ ಇಡಬೇಕೆಂಬ ಮಾರ್ಗಸೂಚಿ ಹೊರಡಿಸಿತು.

ಅರ್ಧ ಸೆಕೆಂಡ್ ತಡವಾದದ್ದಕ್ಕೆ ಸಿಕ್ಕಿಬಿದ್ದ ಕಳ್ಳ

2024ರ ಮಾರ್ಚ್‌ನಲ್ಲಿ ನಡೆದದ್ದು ಇನ್ನೂ ಸ್ವಾರಸ್ಯ. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಬಿಡಿಭಾಗ ಜಗತ್ತಿನ ಲೆಕ್ಕವಿಲ್ಲದಷ್ಟು ಲಿನಕ್ಸ್ ಕಂಪ್ಯೂಟರ್‌ಗಳಲ್ಲಿದೆ. ‘ಜಿಯಾ ಟಾನ್’ ಎಂಬ ಹೆಸರಿನವರೊಬ್ಬರು ಎರಡು ವರ್ಷಕ್ಕೂ ಹೆಚ್ಚು ಕಾಲ ಆ ಯೋಜನೆಗೆ ಒಳ್ಳೆಯ ಕೆಲಸ ಮಾಡಿಕೊಡುತ್ತಾ ನಂಬಿಕೆ ಗಳಿಸಿ, ಕೊನೆಗೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಇಟ್ಟರು.

ಆವೃತ್ತಿ ಸಂಖ್ಯೆ ಬದಲಾಗಿತ್ತು, ಬೆರಳಚ್ಚು ಬದಲಾಗಿತ್ತು, ಸಹಿ ಹಾಕುವ ಅಧಿಕಾರ ಇದ್ದವರೇ ಸಹಿ ಹಾಕಿದ್ದರು. ಷರತ್ತುಗಳೆಲ್ಲ ಸರಿ! ಕಳ್ಳಬಾಗಿಲನ್ನು ಜೋಡಿಸುವ ಕೊಂಡಿ ಎಲ್ಲರೂ ನೋಡುವ ಮೂಲ ಕಡತಗಳಲ್ಲಿ ಇರಲೇ ಇಲ್ಲ, ಹಂಚುವುದಕ್ಕೆಂದು ಕಟ್ಟಿದ ಗಂಟಿನಲ್ಲಿ ಮಾತ್ರ ಇತ್ತು. ಕಾವಲು ಹೊಲದಲ್ಲಿತ್ತು, ಕಲಬೆರಕೆ ಚೀಲದಲ್ಲಾಯಿತು.

ಹಿಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್. ತಮ್ಮ ಯಂತ್ರಕ್ಕೆ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಕೆದಕುತ್ತಾ ಹೋದವರಿಗೆ ಇಡೀ ಸಂಚು ಸಿಕ್ಕಿತು. ಅವರು ಮಾಡುವ ಕೆಲಸ ಏನು ಗೊತ್ತೇ? ಆಗ ಹೇಳಿದ ಪೋಸ್ಟ್‌ಗ್ರೆಸ್‌ನ ಇಂದಿನ ರೂಪವಾದ ಪೋಸ್ಟ್‌ಗ್ರೆಸ್‌ಕ್ಯುಎಲ್ ಡೇಟಾಬೇಸ್ ಕಟ್ಟುವುದು. ಕಳ್ಳಬಾಗಿಲಿದ್ದ ಆವೃತ್ತಿ ಹೆಚ್ಚಿನ ಸರ್ವರ್‌ಗಳಿಗೆ ತಲುಪುವ ಮುನ್ನವೇ ವಾಪಸಾಯಿತು.

ನಿಮ್ಮ ಫೋನಿನ ಟ್ರಿಗರ್, ಅದರ ಕುರುಡು ಮೂಲೆ

ಆಂಡ್ರಾಯ್ಡ್ ಫೋನಿನಲ್ಲೂ ಇಂಥ ಒಂದು ಕಾವಲಿದೆ. ಒಂದು ಆ್ಯಪ್‌ನ ಅಪ್‌ಡೇಟ್ ಬಂದಾಗ, ಮೊದಲು ಹಾಕಿದ ಆ್ಯಪ್‌ಗೆ ಸಹಿ ಹಾಕಿದ ಅದೇ ಡಿಜಿಟಲ್ ಕೀಲಿಯಿಂದ ಇದಕ್ಕೂ ಸಹಿಯಾಗಿದೆಯೇ ಎಂದು ಫೋನ್ ನೋಡುತ್ತದೆ. ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಹಾಗಾಗಿ ನಿಮ್ಮಲ್ಲಿರುವ ಬ್ಯಾಂಕ್ ಆ್ಯಪ್ ಮೇಲೆ ಬೇರೆಯವರು ನಕಲಿ ಅಪ್‌ಡೇಟ್ ಕೂರಿಸುವುದು ಸುಲಭವಲ್ಲ.

ಆದರೆ ಈ ನಿಯಮ ಹೊಸದನ್ನು ಹಳೆಯದರ ಜೊತೆ ಹೋಲಿಸುತ್ತದೆ. ಹಳೆಯದೇ ಇಲ್ಲದಿದ್ದರೆ? ಫಾರ್ವರ್ಡ್‌ನಲ್ಲಿ ಬಂದ ‘ಪಹಣಿ ಚೆಕ್’ ಎಪಿಕೆ ಕಡತ ಅಪ್‌ಡೇಟ್ ಅಲ್ಲ, ಹೊಚ್ಚಹೊಸ ಆ್ಯಪ್. ಹೋಲಿಸಿ ನೋಡಲು ಹಳೆಯ ಸಹಿ ಇಲ್ಲ. ‘ಅಪರಿಚಿತ ಮೂಲದಿಂದ ಹಾಕಿಕೊಳ್ಳಲು ಅನುಮತಿಸುವಿರಾ?’ ಎಂದು ಫೋನ್ ಕೇಳುತ್ತದೆ, ಹೊಲದ ಭಯದಲ್ಲಿ ನಾವು ಹೂಂ ಎನ್ನುತ್ತೇವೆ. ಆಮೇಲೆ ಎಸ್‌ಎಂಎಸ್ ಓದುವ ಅನುಮತಿಯನ್ನೂ ಕೊಟ್ಟರೆ ಬ್ಯಾಂಕಿನ ಒಟಿಪಿ ಅವರ ಕೈಗೆ. ಪಿಎಂ ಕಿಸಾನ್ ಹೆಸರಿನಲ್ಲಿ ಹರಿದಾಡಿದ ನಕಲಿ ಎಪಿಕೆಗಳ ಬಗ್ಗೆ ಪೊಲೀಸರು ಎಚ್ಚರಿಕೆ ಕೊಟ್ಟಿರುವುದು ಇದೇ ಕಾರಣಕ್ಕೆ.

ಪಹಣಿ ನೋಡಲು ಯಾವ ಆ್ಯಪ್ ಕೂಡ ಬೇಕಿಲ್ಲ. ಕಂದಾಯ ಇಲಾಖೆಯ ಭೂಮಿ ತಾಣವನ್ನು ಫೋನಿನ ಬ್ರೌಸರ್‌ನಲ್ಲೇ ತೆರೆಯಬಹುದು. ವಿಳಾಸ ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಆರಿಸಿದರೆ ಪಹಣಿ ಕಾಣುತ್ತದೆ. ವರ್ಷ ಬದಲಿಸಿ ಹಳೆಯ ಪಹಣಿಯನ್ನೂ ನೋಡಿ, ಎರಡನ್ನೂ ಪಕ್ಕಪಕ್ಕ ಇಟ್ಟು 9, 10, 11ನೇ ಕಾಲಂ ಹೋಲಿಸಿ. ವರ್ಷಕ್ಕೆ ಎರಡು ಸಲ, ಮುಂಗಾರಿಗೊಮ್ಮೆ ಹಿಂಗಾರಿಗೊಮ್ಮೆ, ನೋಡಿದರೆ ಸಾಕು.

ಹೆಸರಿನಲ್ಲೋ ಋಣದಲ್ಲೋ ಗೊತ್ತಿಲ್ಲದ ಬದಲಾವಣೆ ಕಂಡರೆ 10ನೇ ಕಾಲಂನ ಎಂ.ಆರ್. ನಂಬರ್ ಬರೆದುಕೊಂಡು ನಾಡಕಚೇರಿ ಅಥವಾ ತಾಲ್ಲೂಕು ಕಚೇರಿಯಲ್ಲಿ ಆ ಮ್ಯುಟೇಷನ್ ಪ್ರತಿ ಕೇಳಿ. ಯಾವ ಕಾಗದದ ಆಧಾರದಲ್ಲಿ ಬದಲಾಯಿತು ಎಂಬುದು ಅದರಲ್ಲಿರುತ್ತದೆ. ಪ್ರಕರಣ ಇನ್ನೂ ನೋಟಿಸ್ ಹಂತದಲ್ಲಿದ್ದರೆ ಅಲ್ಲೇ ಲಿಖಿತ ತಕರಾರು ಕೊಡಿ. ಮುಗಿದುಹೋಗಿದ್ದರೆ ಕರ್ನಾಟಕ ಭೂ ಕಂದಾಯ ಕಾಯ್ದೆಯ 136ನೇ ಕಲಮಿನಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಬಹುದು. ಅದಕ್ಕೂ ಕಾಲಮಿತಿ ಇದೆ, ತಡ ಮಾಡಬೇಡಿ.

ಆ ಎಪಿಕೆಯನ್ನು ಈಗಾಗಲೇ ಹಾಕಿಕೊಂಡುಬಿಟ್ಟಿದ್ದೀರಾ? ಮೊದಲು ಫೋನಿನ ಡೇಟಾ ಆಫ್ ಮಾಡಿ, ಆ್ಯಪ್ ತೆಗೆದುಹಾಕಿ, ಇನ್ನೊಂದು ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆಯ ವಹಿವಾಟು ತಡೆಯಿರಿ. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ.